ಬೆಟ್ಟದ ಕೆಸರಿನಲ್ಲಿ ಫೋರ್‌ವೀಲ್ ಜೀಪು

ಹೊಸೂರೆಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಬೆಂಗಳೂರಿನಿಂದ ಸೇಲಂ ಕಡೆಗೆ ಹೋಗುವ ಹೆದ್ದಾರಿ, ಅದರ ಬದಿಯ ಕಾರ್ಖಾನೆಗಳು, ಗುಲಾಬಿ ತೋಟಗಳು. ಹೆದ್ದಾರಿಯನ್ನು ಬಿಟ್ಟು ತೆಂಕಣಕ್ಕೆ ಹೊರಳಿ, ಡೆಂಕಣಿಕೋಟೆಯನ್ನು ದಾಟಿ, ಅಂಚೆಟ್ಟಿಯ ದಾರಿ ಹಿಡಿದರೆ ಬೇರೆಯೇ ಒಂದು ನಾಡು ಕಾಣುತ್ತದೆ. ರಾಗಿ ಹೊಲ, ಹಾಸುಬಂಡೆ, ಹುಣಿಸೆ ಮರ, ಅದರಾಚೆ ಮೇಲಗಿರಿಯ ಬೆಟ್ಟಸಾಲು. ಕನ್ನಡ, ತೆಲುಗು, ತಮಿಳು ಮೂರೂ ಅಲ್ಲಿ ಒಂದೇ ಜಗಲಿಯ ಮೇಲೆ ಕೇಳಿಬರುತ್ತವೆ. 1956ರ ವರೆಗೆ ಅವರೂ ನಾವೂ ಒಂದೇ ಮದರಾಸು ರಾಜ್ಯದವರು. ನಾವು ಕೇರಳಕ್ಕೆ ಬಂದೆವು, ಅವರು ಅಲ್ಲೇ ಉಳಿದರು. ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ ಎಂದು ಜಿಲ್ಲೆಯ ಹೆಸರು ಬದಲಾಯಿತು, ಮನೆಮಾತು ಬದಲಾಗಲಿಲ್ಲ.

ಈ ಬೆಟ್ಟದ ಹಟ್ಟಿಗಳಿಗೆ ಜೀಪೆಂಬುದು ಮೋಜಿನ ವಾಹನವಲ್ಲ. ವರುಷದಿಂದ ವರುಷಕ್ಕೆ ಡಾಮರು ಮುಂದೆ ಸರಿಯುತ್ತಿದೆಯಾದರೂ ಅದು ಮುಗಿಯುವ ಒಂದು ಜಾಗ ಇದ್ದೇ ಇರುತ್ತದೆ. ತಮಿಳುನಾಡಿನಲ್ಲಿ 2008ರಲ್ಲಿ ಆರಂಭವಾದ 108ರ ಆಂಬುಲೆನ್ಸು ಎಷ್ಟೋ ಸಲ ಅಲ್ಲಿಗೇ ಬಂದು ನಿಲ್ಲಬೇಕಾಗುತ್ತದೆ. ಅಲ್ಲಿಂದ ಮೇಲಕ್ಕೆ ರೇಷನ್ ಅಕ್ಕಿ ಹೋಗಬೇಕಾದರೂ, ಹೆರಿಗೆಯ ಹೆಂಗಸು ಕೆಳಗಿಳಿಯಬೇಕಾದರೂ ಜೀಪೇ ಗತಿ. ಜೀಪೂ ಹೋಗದಿದ್ದರೆ ಬಟ್ಟೆಯ ಡೋಲಿ ಕಟ್ಟಿ ಹೊತ್ತು ತರಬೇಕು. ನೆರೆಯ ಧರ್ಮಪುರಿ ಜಿಲ್ಲೆಯ ಕೋಟ್ಟೂರು ಬೆಟ್ಟಕ್ಕೆ 2021ರ ಚುನಾವಣೆಯಲ್ಲಿ ಮತಯಂತ್ರಗಳು ಹೋದದ್ದು ಕತ್ತೆಯ ಬೆನ್ನಿನ ಮೇಲೆ. ಆದುದರಿಂದ ಇಲ್ಲಿಯ ಚಾಲಕನಿಗೆ ಕೆಸರಿನ ವಿದ್ಯೆ ಹೊಟ್ಟೆಪಾಡೂ ಹೌದು, ಇನ್ನೊಬ್ಬರ ಪ್ರಾಣದ ಮಾತೂ ಹೌದು.

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧಕ್ಕಾಗಿ. ಅಮೆರಿಕದ ವಿಲ್ಲಿಸ್ ಕಂಪೆನಿಯ ಆ ಗಾಡಿಯನ್ನು ನಮ್ಮಲ್ಲಿ ಮಹೀಂದ್ರದವರು 1947ರಿಂದ ಜೋಡಿಸತೊಡಗಿದರು. ಅಂದಿನಿಂದ ಉದ್ದ ಮೂತಿಯ ಗಾಡಿಯೆಲ್ಲ ಜನರ ಬಾಯಲ್ಲಿ ಜೀಪೇ. ತೊಂದರೆ ಇಲ್ಲಿಯೇ ಆರಂಭ. ಬಾಡಿಗೆಗೆ ಓಡುವ ಜೀಪುಗಳಲ್ಲಿ ಬಹಳಷ್ಟು ಗಾಡಿಗಳ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಇಂಜಿನಿನ ಬಲ ಉಂಟು. ಹಳೆಯ ಜೀಪಾದರೆ ಬಗ್ಗಿ ಅಡಿಯಲ್ಲಿ ನೋಡಬೇಕು. ಹಿಂದಿನ ಅಚ್ಚಿನ ನಡುವೆ ಇರುವ ಗಡಿಗೆಯಂಥ ಉಬ್ಬು ಮುಂದಿನ ಅಚ್ಚಿನಲ್ಲೂ ಇದ್ದರೆ ಅದು ನಿಜವಾದ ಫೋರ್‌ವೀಲ್. ಒಳಗೆ ಗೇರಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಲಿವರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಮುಂದಿನ ಗಾಲಿಯ ನಡುವಿನ ಬಿರಡೆಯನ್ನೂ ಕೈಯಿಂದ ತಿರುಗಿಸಿ ಬಿಗಿಮಾಡಬೇಕು. ಅದನ್ನು ಮರೆತು ಒಳಗೆ ಕೂತು ಲಿವರ್ ಎಳೆದರೆ ಏನೂ ಪ್ರಯೋಜನವಿಲ್ಲ.

ಎಳೆತ ಬೇರೆ, ಹಿಡಿತ ಬೇರೆ

ಫೋರ್‌ವೀಲ್ ಹಾಕಿದ ಕೂಡಲೇ ಜೀಪು ಎಲ್ಲಿಯೂ ಜಾರದು ಎಂಬ ಭ್ರಮೆ ವಿದ್ಯಾವಂತರಲ್ಲೇ ಹೆಚ್ಚು. ನನ್ನಲ್ಲೂ ಇತ್ತು. ನಾಲ್ಕು ಗಾಲಿಗಳಿಗೂ ಬಲ ಹಂಚಿಹೋಗುವುದರಿಂದ ಹೊರಡುವುದಕ್ಕೆ, ಏರುವುದಕ್ಕೆ ಅನುಕೂಲವಾಗುತ್ತದೆ, ನಿಜ. ಆದರೆ ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಗಾಲಿಗೇ ಇರುವುದು. ನಿಲ್ಲಿಸುವ ವಿಷಯದಲ್ಲಿ ಜೀಪಿಗೆ ಒಂದು ಕಾಸಿನ ಹೆಚ್ಚಳವೂ ಇಲ್ಲ. ಭಾರ ಹೆಚ್ಚು, ಎತ್ತರವೂ ಹೆಚ್ಚಾದ್ದರಿಂದ ಪಲ್ಟಿಯಾಗುವ ಅಪಾಯ ಬೇರೆ. ಸಾಧಾರಣ ಕಾರು ಮೊದಲ ಕೆಸರಿನಲ್ಲೇ ಹೂತು ಚಾಲಕನಿಗೆ ಬುದ್ಧಿ ಹೇಳುತ್ತದೆ. ಫೋರ್‌ವೀಲ್ ಜೀಪು ಸುಮ್ಮನೆ ಮುಂದೆ ಮುಂದೆ ಹೋಗಿ, ಹಿಂದಿರುಗಲಾರದ ಇಳಿಜಾರಿನ ತಲೆಗೆ ತಂದು ನಿಲ್ಲಿಸುತ್ತದೆ.

ಅಂಚೆಟ್ಟಿಯ ಕಡೆ ನನ್ನನ್ನು ಕರೆದೊಯ್ದ ಚಾಲಕರು ಐವತ್ತು ದಾಟಿದವರು. ಏರಿನಲ್ಲಿ ನಾನು ಅವರ ಕೈಚಳಕವನ್ನು ಹೊಗಳಿದ್ದಕ್ಕೆ ಅವರು ನಕ್ಕು, "ಹತ್ತಿಸೋದು ಇಂಜಿನ್ ಕೆಲಸ ಸ್ವಾಮಿ, ಇಳಿಸೋವಾಗ ನೋಡಿ" ಎಂದರು. ಇಳಿಯುವಾಗ ನೋಡಿದೆ. ಇಳಿಜಾರಿನ ತಲೆಯಲ್ಲಿ ಪೂರ್ತಿ ನಿಲ್ಲಿಸಿದರು. ಇಳಿದು ಹತ್ತು ಹೆಜ್ಜೆ ನಡೆದು ಚಪ್ಪಲಿಯಿಂದ ಮಣ್ಣನ್ನು ಉಜ್ಜಿದರು. ಮರಳಿ ಬಂದು ಚಿಕ್ಕ ಲಿವರನ್ನು ಲೋಗೆ ಹಾಕಿ, ಒಂದನೇ ಗೇರಿನಲ್ಲಿ, ಕ್ಲಚ್ಚಿನಿಂದ ಕಾಲನ್ನು ಪೂರ್ತಿ ತೆಗೆದು ಬಿಟ್ಟುಬಿಟ್ಟರು. ಇಂಜಿನ್ ತಾನೇ ಗಾಡಿಯನ್ನು ಹಿಡಿದುಕೊಂಡು ಎತ್ತಿನಗಾಡಿಯ ವೇಗದಲ್ಲಿ ಇಳಿಸಿತು. ಬ್ರೇಕನ್ನು ಮುಟ್ಟಿದ್ದು ಎರಡೋ ಮೂರೋ ಸಲ, ಅದೂ ಮೊಟ್ಟೆ ಒಡೆಯದ ಹಾಗೆ. ಬ್ರೇಕನ್ನು ಒತ್ತಿಹಿಡಿದರೆ ಗಾಲಿ ತಿರುಗುವುದು ನಿಂತು ಜಾರುಮಣೆಯಾಗುತ್ತದೆ. ಜಾರುವ ಗಾಲಿ ಸ್ಟೇರಿಂಗಿನ ಮಾತು ಕೇಳುವುದಿಲ್ಲ. ಕ್ಲಚ್ಚನ್ನು ತುಳಿದರಂತೂ ಇಂಜಿನಿನ ಹಿಡಿತವೂ ಹೋಯಿತು.

ಇಳಿಜಾರನ್ನು ನೇರವಾಗಿಯೇ ಇಳಿಯಬೇಕು, ಏರನ್ನು ನೇರವಾಗಿಯೇ ಏರಬೇಕು. ಓರೆಯಾಗಿ ಹೋದರೆ ಜೀಪು ಮಗುಚುತ್ತದೆ. ಏರಿನ ನಡುವೆ ಇಂಜಿನ್ ನಿಂತುಹೋದರೆ ಅಲ್ಲೇ ತಿರುಗಿಸುವ ಸಾಹಸ ಬೇಡ. ರಿವರ್ಸ್ ಗೇರು ಹಾಕಿ, ಬಂದ ದಾರಿಯಲ್ಲೇ ನೇರವಾಗಿ ಹಿಂದಕ್ಕೆ ಇಳಿಯುವುದು. ಇದನ್ನು ಕಲಿಯಲು ಧೈರ್ಯಕ್ಕಿಂತ ಹೆಚ್ಚಾಗಿ ನಾಚಿಕೆ ಬಿಡುವುದು ಬೇಕು. ಹಿಂದೆ ಕೂತವರು ಏನೆಂದುಕೊಂಡಾರೋ ಎಂದು ಗಾಡಿ ತಿರುಗಿಸಲು ಹೋಗುವವರೇ ಹೆಚ್ಚು.

ಸ್ವಲ್ಪ ಸಮತಟ್ಟಾದ ಕಡೆ ನನ್ನ ಕೈಗೂ ಸ್ಟೇರಿಂಗ್ ಬಂತು. ಆ ಸೀಮೆಯ ಮಣ್ಣು ಕೆಂಪು. ನಮ್ಮ ಮುರಕಲ್ಲಿನ ಗುಡ್ಡದಂತೆ ಮೇಲೆ ಸಾಬೂನಾದರೂ ಅಡಿಯಲ್ಲಿ ಗಟ್ಟಿ ಇದ್ದೀತೆಂದು ಭಾವಿಸಿ ನುಗ್ಗಿದೆ. ಗಾಲಿ ನಿಂತಲ್ಲೇ ತಿರುಗಿತು. ಆಗ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ, ಎಕ್ಸಲರೇಟರ್ ತುಳಿದೆ. ಎರಡು ನಿಮಿಷದಲ್ಲಿ ಜೀಪಿನ ಹೊಟ್ಟೆ ನೆಲಕ್ಕೆ ತಾಗಿತು. ಗಾಲಿ ಒಮ್ಮೆ ಸುಮ್ಮನೆ ತಿರುಗತೊಡಗಿತೆಂದರೆ ಅದು ಗುಂಡಿ ತೋಡುವ ಯಂತ್ರ. ಕೂಡಲೇ ಕಾಲು ತೆಗೆದು, ಬಂದ ಗುರುತಿನಲ್ಲೇ ಹಿಂದೆ ಸರಿಯಬೇಕಿತ್ತು. ಕೆಸರು ಕಾಣುವ ಮೊದಲೇ ಫೋರ್‌ವೀಲ್ ಹಾಕಿಕೊಂಡು, ಎರಡನೇ ಗೇರಿನಲ್ಲಿ, ನಡುವೆ ಗೇರು ಬದಲಿಸದೆ ಒಂದೇ ಹದದಲ್ಲಿ ಸಾಗಬೇಕಿತ್ತು. ಮತ್ತೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ: ಸಾಧಾರಣ ಫೋರ್‌ವೀಲ್‌ನಲ್ಲಿ ಮುಂದಿನದೊಂದು, ಹಿಂದಿನದೊಂದು ಗಾಲಿ ಹಿಡಿತ ತಪ್ಪಿದರೆ ಬಲವೆಲ್ಲ ಆ ಎರಡಕ್ಕೇ ಹರಿದು, ಗಟ್ಟಿ ನೆಲದ ಮೇಲಿರುವ ಮಿಕ್ಕೆರಡು ಸುಮ್ಮನೆ ನಿಲ್ಲುತ್ತವೆ. ಡಿಫರೆನ್ಷಿಯಲ್‌ನ ಸ್ವಭಾವವೇ ಅದು.

ಎಬ್ಬಿಸಲು ಮುಕ್ಕಾಲು ಗಂಟೆ ಹಿಡಿಯಿತು. ಗುದ್ದಲಿಯಿಂದ ಗಾಲಿಯ ಮುಂದಿನ ಮಣ್ಣು ತೆಗೆದು, ಸೊಪ್ಪುಕೊಂಬೆ, ಚಪ್ಪಟೆ ಕಲ್ಲು ಹಾಸಿ, ಟಯರಿನ ಗಾಳಿಯನ್ನು ಮೂವತ್ತರಿಂದ ಇಪ್ಪತ್ತು ಪೌಂಡಿನ ಆಸುಪಾಸಿಗೆ ಇಳಿಸಿದರು. ಗಾಳಿ ಕಡಮೆಯಾದರೆ ಟಯರು ಅಗಲವಾಗಿ ನೆಲವನ್ನು ಹಬ್ಬಿ ಹಿಡಿಯುತ್ತದೆ. ದೂಡಲು ಬಂದ ಹುಡುಗರನ್ನು ಚಾಲಕರು ಗಾಲಿಯ ನೇರಕ್ಕೆ ನಿಲ್ಲಗೊಡಲಿಲ್ಲ. ಹಾಸಿದ ಕಲ್ಲು ಹಾರಿ ಬಂದರೆ ಮೊಣಕಾಲು ಮುರಿಯುತ್ತದೆ. ಹಗ್ಗ ಕಟ್ಟಿ ಎಳೆಯುವಾಗಲೂ ಜನ ಹಗ್ಗದ ಉದ್ದಕ್ಕಿಂತ ದೂರ ನಿಲ್ಲಬೇಕು. ಇನ್ನೊಂದು ಮಾತನ್ನು ಅವರು ನನ್ನ ಕೈಯನ್ನು ಹಿಡಿದೇ ತಿದ್ದಿದರು: ಹೆಬ್ಬೆರಳನ್ನು ಸ್ಟೇರಿಂಗಿನ ಒಳಗೆ ಸುತ್ತಿ ಹಿಡಿಯಬಾರದು. ಹಳೆಯ ಜೀಪಿನ ಮುಂಗಾಲಿ ಕಲ್ಲಿಗೆ ಹೊಡೆದರೆ ಸ್ಟೇರಿಂಗ್ ತಟಕ್ಕನೆ ತಿರುಗಿ ಬೆರಳಿನ ಎಲುಬು ಮುರಿಯುತ್ತದೆ.

ಹಳ್ಳದ ನೀರು

ಈ ಸೀಮೆಗೆ ಸೆಪ್ಟೆಂಬರ್, ಅಕ್ಟೋಬರ್ ಜೋರು ಮಳೆಯ ತಿಂಗಳುಗಳು. ಬೆಟ್ಟದ ಮೇಲೆ ಸುರಿದ ಮಳೆ ಕೆಳಗಿನ ಒಣಹಳ್ಳಕ್ಕೆ ಹೇಳದೆ ಕೇಳದೆ ಬಂದುಬಿಡುತ್ತದೆ. 2024ರ ಡಿಸೆಂಬರ್ ಆರಂಭದಲ್ಲಿ, ಫೆಂಗಲ್ ಚಂಡಮಾರುತದ ಶೇಷದಿಂದ, ಇದೇ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನ ಸುಮಾರು 50 ಸೆಂಟಿಮೀಟರ್ ಮಳೆ ಬಿತ್ತು. ರಸ್ತೆಬದಿಯಲ್ಲಿ ನಿಲ್ಲಿಸಿದ್ದ ವ್ಯಾನು, ಕಾರುಗಳು ಆಟಿಕೆಗಳಂತೆ ತೇಲಿಹೋದವು. ಅದು ಹಳ್ಳವೂ ಆಗಿರಲಿಲ್ಲ, ಊರೊಳಗಿನ ರಸ್ತೆ. ಓಡುವ ನೀರು ಒಂದಡಿ ಇದ್ದರೆ ಚಿಕ್ಕ ಕಾರನ್ನು ಎತ್ತುತ್ತದೆ, ಎರಡಡಿ ಇದ್ದರೆ ಜೀಪನ್ನೂ ಬಿಡುವುದಿಲ್ಲ. ನಡೆದು ದಾಟಲಾಗದ ನೀರಿನಲ್ಲಿ ಗಾಡಿ ಇಳಿಸಬಾರದು. ಕಾದರೆ ಬೆಟ್ಟದ ಹಳ್ಳ ಕೆಲವು ಗಂಟೆಗಳಲ್ಲೇ ಇಳಿಯುವುದೂ ಉಂಟು. ಹೆರಿಗೆಯ ನೋವಿನ ಹೆಂಗಸು ಗಾಡಿಯಲ್ಲಿರುವಾಗ ಕಾಯುವುದು ಹೇಗೆ ಎಂದು ಕೇಳಿದೆ. ಚಾಲಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ತಿಂಗಳಿನವರನ್ನ ಮಳೆಗೆ ಮುಂಚೆನೇ ಕೆಳಗೆ ನೆಂಟರ ಮನೆಗೆ ಕಳಿಸಿಬಿಡೋದು ಸ್ವಾಮಿ, ಅದೇ ದಾರಿ" ಎಂದರು.

ಇನ್ನು ಮಂಜು. ಬೆಟ್ಟದ ಮೇಲಿನ ಒಂದು ಊರು ಬೆಟ್ಟಮುಗಿಲಾಳಂ; ಹೆಸರಿನಲ್ಲೇ ಬೆಟ್ಟವೂ ಮುಗಿಲೂ ಕೂಡಿವೆ. ಚಳಿಗಾಲದ ಬೆಳಿಗ್ಗೆ ಮುಗಿಲು ರಸ್ತೆಗೇ ಇಳಿದಿರುತ್ತದೆ. ನಮ್ಮ ಭಾಷೆಯಲ್ಲಿ ಅದಕ್ಕೂ ಮಂಜೆಂದೇ ಹೆಸರು, ಹಿಮಾಲಯದಲ್ಲಿ ಬೀಳುವುದಕ್ಕೂ ಮಂಜೆಂದೇ ಹೆಸರು. ಹಿಮ ಬಿದ್ದ ಹಾದಿಯಲ್ಲಿ ಗಾಡಿ ನಡೆಸಬೇಕಾಗುವುದು ನಮ್ಮ ಊರುಗಳಿಂದ ಸೈನ್ಯಕ್ಕೆ ಸೇರಿ ಲಡಾಖಿನ ಕಡೆಗೆ ಹೋದವರಿಗೆ. ಅಲ್ಲಿಯೂ ತತ್ವ ಬೇರೆಯಲ್ಲ. ಟಯರಿಗೆ ಕಬ್ಬಿಣದ ಚೈನು ಸುತ್ತುತ್ತಾರೆ, ಲೋ ಗೇರಿನಲ್ಲಿ ಮೆಲ್ಲನೆ ಇಳಿಸುತ್ತಾರೆ. ಹೆಪ್ಪುಗಟ್ಟಿದ ರಸ್ತೆಯಲ್ಲಿ ಗಾಡಿ ನಿಲ್ಲಲು ಹತ್ತು ಪಟ್ಟು ದೂರ ಬೇಕಾಗಬಹುದೆಂದು ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವೇ ಎಚ್ಚರಿಸುತ್ತದೆ. ಅಲ್ಲಿಯೂ ಫೋರ್‌ವೀಲ್ ಗಾಡಿಗೆ ವಿನಾಯಿತಿ ಇಲ್ಲ.

ಮೇಲಗಿರಿಯ ಮಂಜಿನಲ್ಲಿ ಜಾರುವುದಕ್ಕಿಂತ ದೊಡ್ಡ ಭಯ ಆನೆಯದು. ರಾಗಿ ಕೊಯ್ಲಿನ ತಿಂಗಳುಗಳಲ್ಲಿ ಬನ್ನೇರುಘಟ್ಟ, ಕಾವೇರಿ ಕಾಡುಗಳ ಕಡೆಯಿಂದ ಹಿಂಡುಗಳು ತಳಿ, ಡೆಂಕಣಿಕೋಟೆಯ ಹೊಲಗಳಿಗೆ ಬರುತ್ತವೆ. ಕತ್ತಲಾದ ಮೇಲೆ ಇಲ್ಲಿಯ ಚಾಲಕರು ತುರ್ತಿಲ್ಲದೆ ಹೊರಡುವುದಿಲ್ಲ. ಆನೆ ಕಂಡರೆ ದೂರದಲ್ಲೇ ನಿಂತು, ಹಾರ್ನ್ ಹೊಡೆಯದೆ, ಇಂಜಿನ್ ನಿಲ್ಲಿಸದೆ, ಹಿಂದೆ ಸರಿಯಲು ಜಾಗ ಇಟ್ಟುಕೊಳ್ಳುವುದು ಅವರ ಪದ್ಧತಿ. ಆ ಗಾಬರಿಯಲ್ಲಿ ಕೆಸರಿನ ಅಂಚಿಗೆ ಸರಿದು ಹೂತುಕೊಂಡರೆ ಮುಂದಿನದು ಹೇಳುವುದು ಬೇಡ.

ಇಷ್ಟೆಲ್ಲ ಜಾಗ್ರತೆಯ ಮೇಲೆ ನೀರೆರೆಯುವುದು ಒಂದೇ, ಹೇರು. ಸಂತೆಯ ದಿನ ಒಳಗೆ ಹದಿನೈದು ಜನ, ತಲೆಯ ಮೇಲೆ ಮೂಟೆ, ಹಿಂದೆ ಜೋತುಬಿದ್ದ ಹುಡುಗರು. ಮೂಟೆಯನ್ನು ಛಾವಣಿಯಿಂದ ಇಳಿಸಿ ಒಳಗಿಟ್ಟರೆ, ಇಳಿಜಾರಿನಲ್ಲಿ ಜನರನ್ನು ನಡೆಸಿದರೆ ಅರ್ಧ ಅಪಾಯ ಕಡಮೆ. ನಮ್ಮ ರಾಣಿಪುರಂ ಕಡೆಯ ಜೀಪಿನವರಿಗೂ ಇದನ್ನು ಹೇಳಬೇಕೆಂದಿರುವೆ.

ಡಾಮರು ರಸ್ತೆಗೆ ಬಂದೊಡನೆ ಚಾಲಕರು ಫೋರ್‌ವೀಲ್ ಬಿಡಿಸಿದರು. ಹಳೆಯ ಜೀಪಿನಲ್ಲಿ ಅದನ್ನು ಗಟ್ಟಿ ಒಣರಸ್ತೆಯಲ್ಲಿ ಬಿಟ್ಟರೆ ಮುಂದಿನ, ಹಿಂದಿನ ಅಚ್ಚುಗಳು ಒಂದನ್ನೊಂದು ಎಳೆದಾಡಿ, ಟಯರು ಸವೆದು, ತಿರುವಿನಲ್ಲಿ ಸ್ಟೇರಿಂಗ್ ಕಲ್ಲಾಗುತ್ತದೆ. ಒದ್ದೆ ಬ್ರೇಕು ಹಿಡಿಯಲಾರದೆಂದು ಒಂದು ಫರ್ಲಾಂಗು ಮೆಲ್ಲಮೆಲ್ಲನೆ ಒತ್ತುತ್ತ ಒಣಗಿಸಿಕೊಂಡರು. ಮುಂದಿನ ಊರಿನ ಪಂಕ್ಚರ್ ಅಂಗಡಿಯಲ್ಲಿ ನಾಲ್ಕೂ ಟಯರಿಗೆ ಗಾಳಿ ತುಂಬಿಸಿ, ಗುದ್ದಲಿಯ ಕೆಸರನ್ನು ತೊಳೆದು ಸೀಟಿನ ಅಡಿಗೆ ಸೇರಿಸಿ, ಆಮೇಲೆಯೇ ಚಹಾಕ್ಕೆ ಕರೆದರು.