ಬೀಳುವ ಹನಿಯ ಶಕ್ತಿ ಮತ್ತು ನಿಮ್ಮ ಹೊಲದ ಮಣ್ಣು



ವಿಜಯನಗರ ಜಿಲ್ಲೆಯ ಉಜ್ಜಿನಿ, ಕೊಟ್ಟೂರು, ಕೂಡ್ಲಿಗಿ ಕಡೆಯ ಮಸಾರಿ ಹೊಲಗಳಲ್ಲಿ ಮುಂಗಾರಿನ ಮೊದಲ ಬಿರುಮಳೆ ಬಿದ್ದ ಮರುದಿನ ಮೂರು ಗುರುತುಗಳನ್ನು ಕಾಣಬಹುದು. ಹೊಲದಂಚಿನ ಮನೆಯ ಗೋಡೆಯ ಬುಡಕ್ಕೆ ಒಂದೆರಡು ಅಡಿ ಎತ್ತರದವರೆಗೆ ಕೆಂಪು ಮಣ್ಣು ಸಿಡಿದಿರುತ್ತದೆ. ಸಣ್ಣ ಹರಳುಗಳು ಬೆರಳ ಗಾತ್ರದ ಮಣ್ಣಿನ ಕಂಬಗಳ ಮೇಲೆ ಕುಳಿತಂತೆ ನಿಂತಿರುತ್ತವೆ. ಹದವಾಗಿ ಹರಗಿದ ಮೇಲ್ಮಣ್ಣು ಎರಡು ದಿನ ಬಿಸಿಲು ಬಿದ್ದೊಡನೆ ಹಕ್ಕಳೆಯಂತೆ ಗಟ್ಟಿ ಪದರವಾಗುತ್ತದೆ.

ಮಣ್ಣು ಕೊಚ್ಚಿಹೋಗುವುದು ಹರಿಯುವ ನೀರಿನಿಂದ ಎಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಮೇಲಿನ ಮೂರು ಗುರುತುಗಳೂ ಬೀಳುವ ನೀರಿನ ಕೆಲಸ. ಮಣ್ಣಿನ ನಷ್ಟ ಹಳ್ಳದಲ್ಲಿ ಪ್ರಾರಂಭವಾಗುವುದಿಲ್ಲ, ಹನಿ ನೆಲಕ್ಕೆ ತಾಕಿದ ಕ್ಷಣದಲ್ಲೇ ಪ್ರಾರಂಭವಾಗುತ್ತದೆ. ಅದನ್ನು ತಡೆಯಬೇಕಾದರೆ ಬೀಳುವ ವಸ್ತುವಿನಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಯಬೇಕು.

ಎತ್ತರದಲ್ಲಿ ಅಡಗಿರುವ ಶಕ್ತಿ

ಒಂದು ಕಿಲೋ ತೂಕದ ಕಲ್ಲನ್ನು 10 ಮೀಟರ್ ಎತ್ತರಕ್ಕೆ ಏರಿಸಲು ನೀವು ಪಟ್ಟ ಶ್ರಮ ವ್ಯರ್ಥವಾಗುವುದಿಲ್ಲ. ಅದು ಕಲ್ಲಿನಲ್ಲಿ ಅಡಗಿ ಕುಳಿತಿರುತ್ತದೆ. ಎತ್ತರದಿಂದ ಬಂದ ಈ ಶಕ್ತಿಗೆ ಪ್ರಚ್ಛನ್ನ ಶಕ್ತಿ ಎನ್ನುತ್ತಾರೆ. ಕಲ್ಲನ್ನು ಕೈಬಿಟ್ಟೊಡನೆ ಎತ್ತರ ಕಡಿಮೆಯಾಗುತ್ತದೆ, ವೇಗ ಹೆಚ್ಚುತ್ತದೆ. ವೇಗದಿಂದ ಬಂದ ಶಕ್ತಿಯೇ ಚಲನ ಶಕ್ತಿ. ಶಕ್ತಿಯನ್ನು ಅಳೆಯುವ ಮಾನ ಜೌಲ್. ನೂರು ಗ್ರಾಂ ತೂಕವನ್ನು ಒಂದು ಮೀಟರ್ ಎತ್ತಲು ಹೆಚ್ಚುಕಡಿಮೆ ಒಂದು ಜೌಲ್ ಬೇಕು.

ಗಾಳಿಯ ತಡೆಯನ್ನು ಬಿಟ್ಟರೆ ಆ ಕಲ್ಲಿನ ಲೆಕ್ಕ ಹೀಗಿರುತ್ತದೆ:

10 ಮೀಟರ್ ಎತ್ತರದಲ್ಲಿ: ಪ್ರಚ್ಛನ್ನ ಶಕ್ತಿ 98 ಜೌಲ್, ಚಲನ ಶಕ್ತಿ 0.
5 ಮೀಟರ್ ಎತ್ತರದಲ್ಲಿ: ಪ್ರಚ್ಛನ್ನ ಶಕ್ತಿ 49, ಚಲನ ಶಕ್ತಿ 49.
ನೆಲ ಮುಟ್ಟುವ ಕ್ಷಣದಲ್ಲಿ: ಪ್ರಚ್ಛನ್ನ ಶಕ್ತಿ 0, ಚಲನ ಶಕ್ತಿ 98.

ಎರಡನ್ನೂ ಕೂಡಿಸಿ ನೋಡಿರಿ. ಮೊತ್ತ ಎಲ್ಲೆಡೆಯೂ 98. ಒಂದು ಖಾತೆಯಿಂದ ತೆಗೆದುದನ್ನು ಇನ್ನೊಂದು ಖಾತೆಗೆ ಬರೆದಂತೆ, ಅಷ್ಟೆ. ವೇಗ ಎರಡು ಪಟ್ಟಾದರೆ ಚಲನ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ನೆನಪಿಡಿ.

ನೆಲ ಮುಟ್ಟಿ ನಿಂತ ಮೇಲೆ ಆ 98 ಜೌಲ್ ಏನಾಯಿತು? ಅದು ಮಾಯವಾಗುವುದಿಲ್ಲ. ನೆಲವನ್ನು ತಗ್ಗಿಸಲು, ಮಣ್ಣನ್ನು ಸಿಡಿಸಲು, ಸದ್ದಿಗೆ, ಅಲ್ಪಸ್ವಲ್ಪ ಶಾಖಕ್ಕೆ ಖರ್ಚಾಗುತ್ತದೆ. ಬಿದ್ದ ವಸ್ತು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಆ ಶಕ್ತಿ ಖರ್ಚಾಗಲೇಬೇಕು. ನಮ್ಮ ವಿಷಯಕ್ಕೆ ಇದೇ ಮುಖ್ಯ ಮಾತು.

ಗಾಳಿ ಮಾಡುವ ಉಪಕಾರ

ಒಂದು ಕಿಲೋಮೀಟರ್ ಎತ್ತರದ ಮೋಡದಿಂದ ಹನಿ ತಡೆಯಿಲ್ಲದೆ ಬಿದ್ದರೆ ಸೆಕೆಂಡಿಗೆ 140 ಮೀಟರ್, ಅಂದರೆ ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯಬೇಕಿತ್ತು. ಯಾವ ಪೈರೂ ಉಳಿಯುತ್ತಿರಲಿಲ್ಲ. ಅದೃಷ್ಟವಶಾತ್ ಹನಿಯ ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ತಡೆಯು ಹನಿಯ ತೂಕಕ್ಕೆ ಸಮನಾದ ಮೇಲೆ ವೇಗ ಹೆಚ್ಚುವುದಿಲ್ಲ. ಅಲ್ಲಿಂದ ಮುಂದೆ ಕಳೆದುಕೊಂಡ ಪ್ರಚ್ಛನ್ನ ಶಕ್ತಿಯೆಲ್ಲ ಗಾಳಿಯನ್ನು ಕದಡುವುದಕ್ಕೂ ತುಸು ಬಿಸಿಮಾಡುವುದಕ್ಕೂ ಹೋಗುತ್ತದೆ.

ಒಂದು ಮಿಲಿಮೀಟರ್ ದಪ್ಪದ ಹನಿ ಸೆಕೆಂಡಿಗೆ ಸುಮಾರು 4 ಮೀಟರ್, ಐದು ಮಿಲಿಮೀಟರ್ ದಪ್ಪದ ಹನಿ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ದೊಡ್ಡ ಹನಿಯ ತೂಕ 125 ಪಟ್ಟು. ವೇಗವನ್ನೂ ಸೇರಿಸಿ ಲೆಕ್ಕ ಹಾಕಿದರೆ ಅದರ ಏಟು ಸುಮಾರು 630 ಪಟ್ಟು. ಜಿಟಿಜಿಟಿ ಮಳೆ ಭೂಮಿಗೆ ಇಳಿಯುವುದಕ್ಕೂ ಬಿರುಮಳೆ ಭೂಮಿಯನ್ನು ಹೊಡೆಯುವುದಕ್ಕೂ ಇರುವ ವ್ಯತ್ಯಾಸ ಇದೇ. ನಮ್ಮ ಬೆದ್ದಲು ಸೀಮೆಯಲ್ಲಿ ಮಳೆಯ ಪ್ರಮಾಣ ಕಡಿಮೆ, ಆದರೆ ಬೀಳುವಾಗ ಬಿರುಸಾಗಿ ಬೀಳುವುದು ಹೆಚ್ಚು.

ಇಳಿಯುವ ದಾರಿಯಲ್ಲಿಯೇ ಶಕ್ತಿ ಖರ್ಚಾಗುವುದಕ್ಕೆ ಉಜ್ಜಿನಿಯಲ್ಲಿಯೇ ಒಂದು ನಿದರ್ಶನವುಂಟು. ಮರುಳಸಿದ್ಧೇಶ್ವರ ಸ್ವಾಮಿಯ ಜಾತ್ರೆಯಲ್ಲಿ ದೇವಾಲಯದ ಶಿಖರಕ್ಕೆ ತೈಲಾಭಿಷೇಕ ಮಾಡುವುದನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಶಿಖರದ ತುದಿಯಿಂದ ಎಣ್ಣೆಯನ್ನು ನೇರವಾಗಿ ನೆಲಕ್ಕೆ ಸುರಿದರೆ ಅದು ರಭಸದಿಂದ ಸಿಡಿಯುತ್ತದೆ. ಅದೇ ಎಣ್ಣೆ ಕಲ್ಲಿನ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಜಾರಿದಾಗ ಮೆಲ್ಲಗೆ ಕೆಳಗಿಳಿಯುತ್ತದೆ. ಎತ್ತರ ಒಂದೇ, ಪ್ರಚ್ಛನ್ನ ಶಕ್ತಿಯೂ ಒಂದೇ. ಆದರೆ ಎರಡನೆಯ ಸಲ ಅದು ದಾರಿಯುದ್ದಕ್ಕೂ ತಿಕ್ಕಾಟದಲ್ಲಿ ಚೂರು ಚೂರಾಗಿ ಕರಗಿಹೋಗುತ್ತದೆ. ಹೊಲದಲ್ಲಿ ನಾವು ಮಾಡಬೇಕಾದುದೂ ಇದನ್ನೇ.

ಒಂದು ಎಕರೆಯ ಲೆಕ್ಕ

ಅರ್ಧ ಗಂಟೆಯಲ್ಲಿ 25 ಮಿಲಿಮೀಟರ್, ಅಂದರೆ ಒಂದು ಅಂಗುಲ ಮಳೆ ಬಿತ್ತೆನ್ನಿ. ಒಂದು ಎಕರೆಗೆ ಬಿದ್ದ ನೀರಿನ ತೂಕ ಸುಮಾರು 100 ಟನ್. ಇಂಥ ಮಳೆಯಲ್ಲಿ ಪ್ರತಿ ಕಿಲೋ ನೀರು ಸುಮಾರು 27 ಜೌಲ್ ಚಲನ ಶಕ್ತಿಯೊಡನೆ ನೆಲಕ್ಕೆ ಬರುತ್ತದೆ. ಎಕರೆಗೆ ಒಟ್ಟು 27 ಲಕ್ಷ ಜೌಲ್ ಆಯಿತು. ಕ್ವಿಂಟಾಲ್ ತೂಕದ ಚೀಲವನ್ನು 10 ಮೀಟರ್ ಎತ್ತರದಿಂದ 275 ಸಲ ಎತ್ತಿಹಾಕಿದರೆ ಬೀಳುವ ಏಟು ಅಷ್ಟು.

ಅದೇ ನೀರು ಇಳಿಜಾರಿನಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ತೆಳ್ಳಗೆ ಹರಿಯುವಾಗ ಕಿಲೋಗೆ ಇರುವ ಚಲನ ಶಕ್ತಿ ಒಂದು ಜೌಲಿನ ಎಂಟನೆಯ ಒಂದು ಭಾಗ ಮಾತ್ರ. ಮಣ್ಣಿನ ಹೆಂಟೆಯನ್ನು ಒಡೆದು ಹುಡಿ ಮಾಡುವುದು ಹನಿ. ಹುಡಿಯಾದುದನ್ನು ಹೊತ್ತೊಯ್ಯುವುದು ಹರಿವು. ಒಡೆದ ಸಣ್ಣ ಕಣಗಳು ಮಣ್ಣಿನ ರಂಧ್ರಗಳಲ್ಲಿ ಸೇರಿ ಮುಚ್ಚಿಬಿಡುತ್ತವೆ. ನೀರು ಇಂಗುವುದಿಲ್ಲ, ಹರಿದುಹೋಗುತ್ತದೆ. ಪದರ ಒಣಗಿದರೆ ಸಜ್ಜೆ, ನವಣೆಯಂಥ ಸಣ್ಣ ಬೀಜದ ಮೊಳಕೆಗೆ ಅದನ್ನು ಭೇದಿಸುವ ತ್ರಾಣವಿರುವುದಿಲ್ಲ. ಹೀಗೆ ಒಂದೇ ಏಟಿಗೆ ಮಣ್ಣು, ನೀರು, ಬೀಜ ಮೂರೂ ನಷ್ಟ. ಅಂಗುಲ ಮೇಲ್ಮಣ್ಣು ಉಂಟಾಗಲು ನೂರಾರು ವರ್ಷ ಬೇಕೆಂಬುದನ್ನು ಮರೆಯಬಾರದು.

ಸೊಳ್ಳೆ ಪರದೆಯ ಪ್ರಯೋಗ

ಈ ಮಾತನ್ನು ಸಂಶಯವಿಲ್ಲದಂತೆ ತೋರಿಸಿಕೊಟ್ಟ ಪ್ರಯೋಗವೊಂದು 1950ರ ದಶಕದಲ್ಲಿ ಆಫ್ರಿಕದ ಈಗಿನ ಜಿಂಬಾಬ್ವೆಯಲ್ಲಿ ನಡೆಯಿತು. ನಾರ್ಮನ್ ಹಡ್ಸನ್ ಎಂಬ ವಿಜ್ಞಾನಿ ಒಂದೇ ಇಳಿಜಾರಿನ, ಒಂದೇ ಮಣ್ಣಿನ ಎರಡು ತಾಕುಗಳನ್ನು ಬೆಳೆಯಿಲ್ಲದೆ ಬರಿದಾಗಿ ಇಟ್ಟರು. ಒಂದರ ಮೇಲೆ ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನ ಜಾಲರಿ ಕಟ್ಟಿದರು. ನೀರು ಎರಡಕ್ಕೂ ಒಂದೇ ಸಮ ಬಿತ್ತು. ಜಾಲರಿಯ ಕೆಳಗೆ ಮಾತ್ರ ಅದು ತುಂತುರಾಗಿ ಇಳಿಯಿತು. ಬರಿದಾದ ತಾಕಿನಿಂದ ಕೊಚ್ಚಿಹೋದ ಮಣ್ಣು ಜಾಲರಿಯ ತಾಕಿಗಿಂತ ನೂರು ಪಟ್ಟಿಗೂ ಹೆಚ್ಚು!

ನಮ್ಮಲ್ಲಿಯೂ ಮಣ್ಣು ಮತ್ತು ನೀರಿನ ಸಂರಕ್ಷಣೆಗೆಂದೇ ಬಳ್ಳಾರಿಯಲ್ಲಿ 1954ರಲ್ಲಿ ಕೇಂದ್ರ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಅದು ಇಂದಿಗೂ ಕೆಲಸ ಮಾಡುತ್ತಿದೆ.

ನೀವು ಮಾಡಬೇಕಾದುದೇನು?

ಹೊಲಕ್ಕೆಲ್ಲ ಜಾಲರಿ ಕಟ್ಟಲಾಗದು. ಆದರೆ ಜಾಲರಿಯ ಕೆಲಸವನ್ನು ಎಲೆ, ಕಸ, ಕೂಳೆಗಳಿಂದ ಮಾಡಿಸಬಹುದು.

1. ನೆಲಕ್ಕೆ ಹತ್ತಿರವಾದ ಹೊದಿಕೆ: ಎಲೆಯ ಮೇಲೆ ನಿಂತ ಹನಿ ಮತ್ತೆ ಕೆಳಗೆ ಬೀಳುತ್ತದೆ. ಅದರ ಶಕ್ತಿ ಎಲೆಯ ಎತ್ತರದಿಂದ ಹೊಸದಾಗಿ ಲೆಕ್ಕ. ಒಂದಡಿ ಎತ್ತರದ ಶೇಂಗಾ, ಹುರುಳಿ, ಅಲಸಂದೆಯ ಎಲೆಯಿಂದ ಬಿದ್ದರೆ ಕಿಲೋಗೆ 3 ಜೌಲ್, ಅಂದರೆ ಬಿರುಮಳೆಯ ಒಂಬತ್ತನೆಯ ಒಂದು ಭಾಗ. ಒಂದೂವರೆ ಮೀಟರ್ ಎತ್ತರದ ಮೆಕ್ಕೆಜೋಳದ ಎಲೆಯಿಂದ ಬಿದ್ದರೆ ಸುಮಾರು 15 ಜೌಲ್, ಅರ್ಧಕ್ಕಿಂತ ಹೆಚ್ಚು. ಆದುದರಿಂದ ಮೆಕ್ಕೆಜೋಳವೊಂದನ್ನೇ ಬಿತ್ತದೆ ಸಾಲುಗಳ ನಡುವೆ ನೆಲಕ್ಕೆ ಹರಡುವ ದ್ವಿದಳ ಬೆಳೆ ಹಾಕಿರಿ.

2. ಮರದ ಕೆಳಗೆ ಎಚ್ಚರ: ಎತ್ತರದ ಹುಣಸೆ, ಬೇವಿನ ಎಲೆಗಳಲ್ಲಿ ಹನಿಗಳು ಕೂಡಿ ದಪ್ಪವಾಗುತ್ತವೆ. ಎಂಟು ಹತ್ತು ಮೀಟರ್ ಬೀಳುವಷ್ಟರಲ್ಲಿ ಮಳೆಹನಿಯ ವೇಗವನ್ನೇ ಬಹುಮಟ್ಟಿಗೆ ಪಡೆಯುತ್ತವೆ. ಅಲ್ಲಿ ಮಣ್ಣನ್ನು ಕಾಯುವುದು ಮರವಲ್ಲ, ಬುಡದಲ್ಲಿ ಬಿದ್ದ ತರಗು. ಅದನ್ನು ಗುಡಿಸಿ ಸುಡಬೇಡಿರಿ.

3. ಬೆಳೆಯ ಉಳಿಕೆ: ಎಕರೆಗೆ ಸುಮಾರು 2 ಟನ್ ಕಸಕಡ್ಡಿ ಹರಡಿದರೆ ನೆಲ ಚೆನ್ನಾಗಿ ಮುಚ್ಚುತ್ತದೆ. ಜೋಳದ ಸೊಪ್ಪೆ ದನಗಳಿಗೆ ಬೇಕು ಎಂಬುದು ನಿಜ. ದನ ತಿನ್ನದ ಸೂರ್ಯಕಾಂತಿ ದಂಟು, ತೊಗರಿ ಕಟ್ಟಿಗೆಯ ಪುಡಿ, ಶೇಂಗಾ ಸಿಪ್ಪೆ, ಒಡ್ಡಿನ ಮೇಲೆ ಬೆಳೆಸಿದ ಗ್ಲಿರಿಸಿಡಿಯಾ ಸೊಪ್ಪನ್ನು ಬಳಸಿರಿ. ಕೊಯ್ಯುವಾಗ ಗೇಣುದ್ದ ಕೂಳೆ ಬಿಡಿರಿ.

4. ಹೆಂಟೆ ಇರಲಿ: ಮುಂಗಾರಿಗೆ ಮುಂಚೆ ಮಣ್ಣನ್ನು ಹಿಟ್ಟಿನಂತೆ ಹುಡಿ ಮಾಡಬೇಡಿರಿ. ಸಣ್ಣ ಹೆಂಟೆಗಳು ಏಟನ್ನು ತಾಳಿಕೊಳ್ಳುತ್ತವೆ. ಕೊಟ್ಟಿಗೆ ಗೊಬ್ಬರ ಅವುಗಳನ್ನು ಒಗ್ಗೂಡಿಸಿ ಹಿಡಿಯುತ್ತದೆ. ಬಿತ್ತಿದ ಮೇಲೆ ಮಳೆ ಬಂದು ಪದರ ಕಟ್ಟಿದರೆ, ಮೊಳಕೆ ಮೇಲೆ ಬರುವ ಮುನ್ನ ಮುಳ್ಳುಕಂಟಿಯನ್ನು ಹಗುರವಾಗಿ ಎಳೆದು ಒಡೆಯಿರಿ.

5. ಒಡ್ಡು ಬೇಡವೆಂದಲ್ಲ: ನೂರಕ್ಕೆ ಒಂದರ ಇಳಿಜಾರಿನ ಹೊಲದಲ್ಲಿ ನೂರು ಮೀಟರ್ ಹರಿದ ನೀರು ಒಂದು ಮೀಟರ್ ಕೆಳಗಿಳಿದಿರುತ್ತದೆ. ತಡೆಯಿಲ್ಲದಿದ್ದರೆ ಆ ಇಳಿತದ ಶಕ್ತಿಯೇ ಕೊರಕಲು ಕೊರೆಯುತ್ತದೆ. ಸಮಪಾತಳಿ ಒಡ್ಡು, ಚೌಕುಮಡಿ, ಇಳಿಜಾರಿಗೆ ಅಡ್ಡಲಾದ ಉಳುಮೆ ಇವು ಆ ಇಳಿತವನ್ನು ತುಂಡು ಮಾಡುತ್ತವೆ. ಹೊದಿಕೆ ಏಟನ್ನು ತಡೆಯುತ್ತದೆ, ಒಡ್ಡು ಓಟವನ್ನು ತಡೆಯುತ್ತದೆ. ಒಂದು ಇನ್ನೊಂದಕ್ಕೆ ಬದಲಾಗದು.

ನೀವೇ ಪರೀಕ್ಷಿಸಿರಿ

ಮಳೆಗೆ ಮುನ್ನ ಎರಡು ಬಿಳಿ ಬಣ್ಣದ ಹಲಗೆಗಳನ್ನು ಹೊಲದಲ್ಲಿ ನೆಟ್ಟಗೆ ನಿಲ್ಲಿಸಿರಿ. ಒಂದರ ಸುತ್ತ ಎರಡು ಮಾರು ನೆಲಕ್ಕೆ ಕಸ ಹೊದಿಸಿರಿ, ಇನ್ನೊಂದರ ಸುತ್ತ ನೆಲ ಬರಿದಾಗಿರಲಿ. ಮಳೆ ನಿಂತ ಮೇಲೆ ಯಾವ ಹಲಗೆ ಎಷ್ಟು ಎತ್ತರದವರೆಗೆ ಕೆಂಪಾಗಿದೆ ಎಂದು ಅಳೆದುಕೊಳ್ಳಿರಿ. ಒಡ್ಡು, ಚೌಕುಮಡಿಗಳ ಅಳತೆ ನಿಮ್ಮ ಮಣ್ಣು ಮತ್ತು ಇಳಿಜಾರಿಗೆ ತಕ್ಕಂತೆ ಬೇರೆಯಾಗುವುದರಿಂದ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಸಲಹೆ ಪಡೆಯಿರಿ. ಮೋಡದ ಎತ್ತರ ನಮ್ಮ ಕೈಯಲ್ಲಿಲ್ಲ. ಹನಿಯ ಶಕ್ತಿ ಕಸದ ಮೇಲೆ ಖರ್ಚಾಗಬೇಕೋ ಮಣ್ಣಿನ ಮೇಲೋ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.