ಬೌಲಿಂಗ್ ಮಾಡುವ ಹುಡುಗನ ಬೆನ್ನು: ಎಸೆತಗಳ ಲೆಕ್ಕ ಇಡುವವರು ಯಾರು?

ಬೇಸಿಗೆ ರಜೆ ಬಂತೆಂದರೆ ನಮ್ಮ ಊರುಗಳ ಮೈದಾನಗಳಲ್ಲಿ ಬೆಳಿಗ್ಗೆ ಆರಕ್ಕೇ ಕ್ರಿಕೆಟ್ ಶಿಬಿರಗಳು ಆರಂಭವಾಗುತ್ತವೆ. ಪರೀಕ್ಷೆಯ ಗಡಿಬಿಡಿಯಲ್ಲಿ ಎರಡು ತಿಂಗಳು ಚೆಂಡು ಮುಟ್ಟದೆ ಕುಳಿತಿದ್ದ ಹುಡುಗರು ಒಮ್ಮೆಲೇ ಬೌಲಿಂಗ್‌ಗೆ ಇಳಿಯುತ್ತಾರೆ. ಬೆಳಿಗ್ಗೆ ಶಿಬಿರದ ನೆಟ್ಸ್, ಸಂಜೆ ಬಡಾವಣೆಯ ಗೆಳೆಯರೊಂದಿಗೆ ಟೆನಿಸ್ ಚೆಂಡಿನ ಆಟ, ಭಾನುವಾರ ಕ್ಲಬ್ಬಿನ ಪಂದ್ಯ. ಕೆಲವು ವಾರ ಕಳೆಯುವಷ್ಟರಲ್ಲಿ ಇವರಲ್ಲಿ ಒಬ್ಬಿಬ್ಬರು ಸೊಂಟ ಹಿಡಿದುಕೊಂಡು ವೈದ್ಯರ ಬಳಿ ಬರುತ್ತಾರೆ. ಜೊತೆಗೆ ಬಂದ ತಂದೆಯ ಕೋರಿಕೆ ಸಾಮಾನ್ಯವಾಗಿ ಒಂದೇ: “ಡಾಕ್ಟ್ರೇ, ಭಾನುವಾರ ಸೆಲೆಕ್ಷನ್ ಮ್ಯಾಚ್ ಇದೆ. ನೋವು ಹೋಗೋ ಹಾಗೆ ಒಂದು ಇಂಜೆಕ್ಷನ್ ಕೊಟ್ಟುಬಿಡಿ.”

ನೋವು ಮರೆಸುವ ಔಷಧ ಕೊಡುವುದು ಕಷ್ಟವೇನಲ್ಲ. ಆದರೆ ಹದಿನೈದು ವರ್ಷದ ವೇಗದ ಬೌಲರನ ಸೊಂಟನೋವನ್ನು ಮರೆಸುವುದು ಅಪಾಯಕಾರಿ. ಏಕೆಂದರೆ ಅದು ಮೂಳೆ ಬಿರುಕು ಬಿಡುತ್ತಿರುವುದರ ಮುನ್ಸೂಚನೆ ಆಗಿರಬಹುದು.

ಮೂಳೆ ಏಕೆ ಬಿರುಕು ಬಿಡುತ್ತದೆ?

ನಮ್ಮ ಸೊಂಟದ ಭಾಗದಲ್ಲಿ ಐದು ಕಶೇರುಮಣಿಗಳಿವೆ. ಪ್ರತಿ ಮಣಿಯ ಹಿಂಭಾಗದಲ್ಲಿ ಒಂದು ಮೂಳೆಯ ಬಳೆ. ಆ ಬಳೆಯ ಎರಡೂ ಪಕ್ಕದಲ್ಲಿ ಕಿರಿದಾದ ಸೇತುವೆಯಂಥ ಭಾಗ. ವೇಗದ ಬೌಲರ್ ಓಡಿ ಬಂದು ಮುಂಗಾಲನ್ನು ನೆಲಕ್ಕೆ ಊರಿದಾಗ ಅವನ ದೇಹದ ತೂಕದ ಐದು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ಬಲ ಕಾಲಿನ ಮೂಲಕ ಮೇಲಕ್ಕೆ ಏರುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ಇಷ್ಟೆಲ್ಲ ಒತ್ತಡ ಬೀಳುವುದು ಮುಖ್ಯವಾಗಿ ನಾಲ್ಕನೆಯ ಮತ್ತು ಐದನೆಯ ಮಣಿಗಳ ಆ ಕಿರುಸೇತುವೆಯ ಮೇಲೆ. ಬಲಗೈ ಬೌಲರಿಗೆ ಎಡಪಕ್ಕದಲ್ಲಿ, ಎಡಗೈ ಬೌಲರಿಗೆ ಬಲಪಕ್ಕದಲ್ಲಿ ಈ ಪೆಟ್ಟು ಹೆಚ್ಚು.

ಒಂದು ತಂತಿಯನ್ನು ಒಮ್ಮೆ ಬಗ್ಗಿಸಿದರೆ ಅದು ಮುರಿಯುವುದಿಲ್ಲ. ಅದೇ ಜಾಗದಲ್ಲಿ ನೂರು ಸಲ ಬಗ್ಗಿಸಿದರೆ? ಮೂಳೆಗೂ ಹಾಗೆಯೇ. ಆದರೆ ತಂತಿಗಿಲ್ಲದ ಒಂದು ಗುಣ ಮೂಳೆಗಿದೆ. ಬಿಡುವು ಕೊಟ್ಟರೆ ಅದು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ, ಮೊದಲಿಗಿಂತ ಗಟ್ಟಿಯೂ ಆಗುತ್ತದೆ. ರಿಪೇರಿಗೆ ಸಮಯ ಕೊಡದೆ ಮತ್ತೆ ಮತ್ತೆ ಪೆಟ್ಟು ಬಿದ್ದಾಗ ಉಂಟಾಗುವುದೇ ‘ಸ್ಟ್ರೆಸ್ ಫ್ರಾಕ್ಚರ್’, ಅಂದರೆ ಒತ್ತಡದ ಬಿರುಕು. ಹದಿಹರೆಯದಲ್ಲಿ ಎತ್ತರ ಬೇಗ ಬೇಗ ಏರುತ್ತದೆ, ಮೂಳೆಯ ಗಟ್ಟಿತನ ಹಿಂದೆ ಉಳಿಯುತ್ತದೆ. ಸೊಂಟದ ಮೂಳೆಗಳು ಪೂರ್ಣವಾಗಿ ಬಲಿಯಲು ಇಪ್ಪತ್ತರ ಹರೆಯ ಅರ್ಧ ಕಳೆಯಬೇಕು.

ಸಂಶೋಧನೆಗಳು ಹೇಳುವುದೇನು?

ಆಸ್ಟ್ರೇಲಿಯಾದ ಡೆನಿಸ್ ಲಿಲಿಗೆ 1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಬೆನ್ನುಮೂಳೆ ಬಿರುಕು ಬಿಟ್ಟಿತು. ವಾರಗಟ್ಟಲೆ ಪ್ಲಾಸ್ಟರ್ ಕವಚದಲ್ಲಿದ್ದು, ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಫ್ರಾಂಕ್ ಪೈಕ್ ರೂಪಿಸಿದ ವ್ಯಾಯಾಮ ಮಾಡಿ, 1974-75ರ ಆಷಸ್ ಸರಣಿಗೆ ಅವರು ಮರಳಿದರು.

ಮುಂದೆ ಅದೇ ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು 82 ಮಂದಿ ಎಳೆಯ ವೇಗದ ಬೌಲರುಗಳನ್ನು ಒಂದು ಋತುವಿನುದ್ದಕ್ಕೂ ಗಮನಿಸಿ 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 17ರ ಆಸುಪಾಸು. ಆ ಒಂದೇ ಋತುವಿನಲ್ಲಿ ಶೇ 11 ಮಂದಿಯ ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಇನ್ನೂ ಶೇ 27 ಮಂದಿ ಬೆನ್ನಿನ ಸ್ನಾಯು ಮುಂತಾದ ಮೃದುಭಾಗಗಳ ಗಾಯದಿಂದ ಪಂದ್ಯ ತಪ್ಪಿಸಿಕೊಂಡಿದ್ದರು. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ತಿರುಗುವ ‘ಮಿಶ್ರ ಶೈಲಿ’ಯೂ ಅತಿಯಾದ ಬೌಲಿಂಗೂ ಇದರ ಹಿಂದಿರುವ ಕಾರಣಗಳೆಂದು ಈ ಬಗೆಯ ಅಧ್ಯಯನಗಳು ತೋರಿಸಿಕೊಟ್ಟವು.

ಎಳೆಯರಿಗೆ ಬಿಡುವು ಎಷ್ಟು ಮುಖ್ಯ ಎಂಬುದು 2005ರ ಮತ್ತೊಂದು ಆಸ್ಟ್ರೇಲಿಯನ್ ಅಧ್ಯಯನದಲ್ಲಿ ಕಂಡಿತು. 12ರಿಂದ 17 ವಯಸ್ಸಿನ 44 ಬೌಲರುಗಳಲ್ಲಿ, ಎರಡು ಬೌಲಿಂಗ್ ದಿನಗಳ ನಡುವೆ ಸರಾಸರಿ ಮೂರೂವರೆ ದಿನಕ್ಕಿಂತ ಕಡಿಮೆ ವಿಶ್ರಾಂತಿ ಪಡೆದವರಿಗೆ ಗಾಯದ ಸಂಭವ ಸ್ಪಷ್ಟವಾಗಿ ಹೆಚ್ಚಿತ್ತು.

ಹಿರಿಯ ಆಟಗಾರರ ಮೇಲೆ ನಡೆದ ಎರಡು ಅಧ್ಯಯನಗಳು ಇನ್ನೂ ಕುತೂಹಲಕರ. 2009ರಲ್ಲಿ ಪ್ರಕಟವಾದ ಅಧ್ಯಯನದಂತೆ, ಒಂದೇ ಪಂದ್ಯದಲ್ಲಿ 50ಕ್ಕೂ ಹೆಚ್ಚು ಓವರ್ ಬೌಲಿಂಗ್ ಮಾಡಿದವರಿಗೆ ಗಾಯದ ಸಂಭವ ಹೆಚ್ಚಾಗಿ ಕಂಡದ್ದು ಮರುದಿನವಲ್ಲ, ಮೂರು-ನಾಲ್ಕು ವಾರಗಳ ನಂತರ. 2014ರ ಅಧ್ಯಯನದಂತೆ, ಹಿಂದಿನ ನಾಲ್ಕು ವಾರಗಳ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚಿನ ಕೆಲಸ ಒಂದೇ ವಾರದಲ್ಲಿ ಬಿದ್ದರೆ ಮುಂದಿನ ವಾರ ಗಾಯಗೊಳ್ಳುವ ಸಂಭವ ಬಹಳ ಏರುತ್ತದೆ. ಲೆಕ್ಕದ ಸೂತ್ರದ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆದಿದೆಯಾದರೂ ಹೊರೆಯನ್ನು ಏಕಾಏಕಿ ಏರಿಸಬಾರದೆಂಬುದನ್ನು ಎಲ್ಲರೂ ಒಪ್ಪುತ್ತಾರೆ.

ಅಂದರೆ ಕೂತಿದ್ದವನು ಎದ್ದು ಒಮ್ಮೆಲೇ ಓಡಿದಂತೆ ಆಗಬಾರದು. ಪರೀಕ್ಷೆ ಮುಗಿದ ಮರುದಿನವೇ ದಿನಕ್ಕೆ ಹತ್ತು ಓವರ್ ಎಸೆಯುವ ನಮ್ಮ ಹುಡುಗರು ಮಾಡುವುದು ಇದನ್ನೇ.

ದೊಡ್ಡವರನ್ನೂ ಬಿಡದು

ಪ್ಯಾಟ್ ಕಮಿನ್ಸ್ 2011ರ ನವೆಂಬರ್‌ನಲ್ಲಿ, ತಮ್ಮ 18ನೇ ವಯಸ್ಸಿನಲ್ಲಿ, ಜೊಹಾನ್ಸ್‌ಬರ್ಗ್‌ನಲ್ಲಿ ಮೊದಲ ಟೆಸ್ಟ್ ಆಡಿ ಒಂದೇ ಇನಿಂಗ್ಸ್‌ನಲ್ಲಿ ಆರು ವಿಕೆಟ್ ಕಿತ್ತರು. ಅವರು ಎರಡನೆಯ ಟೆಸ್ಟ್ ಆಡಿದ್ದು 2017ರ ಮಾರ್ಚ್‌ನಲ್ಲಿ, ರಾಂಚಿಯಲ್ಲಿ! ನಡುವಿನ ಐದು ವರ್ಷಕ್ಕೂ ಹೆಚ್ಚು ಕಾಲವನ್ನು ನುಂಗಿದ್ದು ಬಹುಮಟ್ಟಿಗೆ ಬೆನ್ನುಮೂಳೆಯ ಬಿರುಕುಗಳೇ. ನಮ್ಮ ಜಸ್‌ಪ್ರೀತ್ ಬೂಮ್ರಾ ಬೆನ್ನಿನ ತೊಂದರೆಯಿಂದ 2022ರ ಟ್ವೆಂಟಿ-20 ವಿಶ್ವಕಪ್ ತಪ್ಪಿಸಿಕೊಂಡು, 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಬೆಂಗಳೂರಿನ ಪ್ರಸಿದ್ಧ ಕೃಷ್ಣ ಅವರೂ ಇಂಥದೇ ಬಿರುಕಿನಿಂದ 2023ರ ಐಪಿಎಲ್ ಆಡಲಾಗಲಿಲ್ಲ. ಇಬ್ಬರೂ ಮರಳಿದ್ದು ಅದೇ ಆಗಸ್ಟ್‌ನಲ್ಲಿ, ಐರ್ಲೆಂಡ್ ವಿರುದ್ಧ.

ಇವರ ಹಿಂದೆ ವೈದ್ಯರು, ಫಿಸಿಯೊಗಳು, ಪ್ರತಿ ಎಸೆತದ ಲೆಕ್ಕವಿಡುವ ಸಿಬ್ಬಂದಿ ಇದ್ದಾರೆ. ನಮ್ಮ ಮನೆಯ ಹುಡುಗನ ಹಿಂದೆ ಯಾರಿದ್ದಾರೆ? ಶಾಲೆಯ ಪಿ.ಟಿ. ಮೇಷ್ಟರಿಗೆ ಶಾಲೆಯ ಓವರುಗಳು ಗೊತ್ತು. ಶಿಬಿರದ ಕೋಚ್‌ಗೆ ನೆಟ್ಸ್ ಗೊತ್ತು. ಕ್ಲಬ್ಬಿನವರಿಗೆ ಭಾನುವಾರದ್ದು ಮಾತ್ರ ಗೊತ್ತು. ಬೀದಿ ಆಟದ ಲೆಕ್ಕ ಯಾರಿಗೂ ಇಲ್ಲ. ಚೆನ್ನಾಗಿ ಬೌಲಿಂಗ್ ಮಾಡುವ ಹುಡುಗನನ್ನು ಎಲ್ಲರೂ ಕರೆಯುತ್ತಾರೆ. ಹೀಗಾಗಿ ಅತ್ಯಂತ ಪ್ರತಿಭಾವಂತನೇ ಅತಿ ಹೆಚ್ಚು ಪೆಟ್ಟು ತಿನ್ನುತ್ತಾನೆ.

ಎರಡು ರೂಪಾಯಿ ಪೆನ್ನು, ಒಂದು ನೋಟ್‌ಬುಕ್

ಪೋಷಕರು ಮಾಡಬೇಕಾದ ಮೊದಲ ಕೆಲಸಕ್ಕೆ ಖರ್ಚಿಲ್ಲ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ರಾತ್ರಿ ಆ ದಿನದ ಎಸೆತಗಳನ್ನು ಮಗನಿಂದಲೇ ಬರೆಸಿ: ಶಾಲೆ, ನೆಟ್ಸ್, ಕ್ಲಬ್, ಬೀದಿ ಎಲ್ಲವೂ ಸೇರಿ. ಭಾನುವಾರ ಕೂಡಿಸಿ ಹಿಂದಿನ ವಾರದೊಂದಿಗೆ ಹೋಲಿಸಿ. ಹಿಂದಿನ ವಾರ 80 ಇದ್ದದ್ದು ಈ ವಾರ 200 ಆಗಿದ್ದರೆ ಕೋಚ್‌ಗೆ ಆ ಪುಸ್ತಕ ತೋರಿಸಿ. ರಜೆಯ ನಂತರ ಸ್ವಲ್ಪದರಿಂದ ಆರಂಭಿಸಿ ವಾರ ವಾರಕ್ಕೆ ನಿಧಾನವಾಗಿ ಏರಿಸಲಿ.

ಎಷ್ಟು ಓವರ್ ಸರಿ? ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಹಲವು ವರ್ಷ ಪ್ರಕಟಿಸಿಕೊಂಡು ಬಂದ ಸೂಚನೆ ಹೀಗಿತ್ತು: 13 ವರ್ಷದೊಳಗಿನ ವೇಗದ ಬೌಲರಿಗೆ ಒಂದು ಸ್ಪೆಲ್‌ಗೆ 5, ದಿನಕ್ಕೆ 10 ಓವರ್, 15ರೊಳಗಿನವರಿಗೆ 6 ಮತ್ತು 12, 17 ಹಾಗೂ 19ರೊಳಗಿನವರಿಗೆ 7 ಮತ್ತು 18. ನಮ್ಮ ಬಿಸಿಲಿಗೂ ಸಿಮೆಂಟ್ ಪಿಚ್‌ಗಳಿಗೂ ಇದನ್ನು ಗರಿಷ್ಠ ಮಿತಿ ಎಂದೇ ತಿಳಿಯುವುದು ಒಳ್ಳೆಯದು.

ಇನ್ನು ಕೆಲವು ಮಾತು:

* ಬೌಲಿಂಗ್‌ಗೆ ಮುನ್ನ ಹತ್ತು-ಹದಿನೈದು ನಿಮಿಷ ನಿಧಾನ ಓಟ, ಕೈಕಾಲು ಬೀಸುವ ವ್ಯಾಯಾಮ ಮಾಡಿ ಮೈ ಬಿಸಿಯಾಗಲಿ.

* ಹೊಟ್ಟೆ, ಬೆನ್ನು, ಪೃಷ್ಠ, ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ವಾರಕ್ಕೆ ಎರಡು-ಮೂರು ಬಾರಿ ಇರಲಿ.

* ಶೈಲಿಯ ದೋಷವನ್ನು ಬಲ್ಲ ತರಬೇತುದಾರರಿಂದ ಚಿಕ್ಕಂದಿನಲ್ಲೇ ತಿದ್ದಿಸಿ.

* ಹೊಟ್ಟೆ ತುಂಬ ಊಟ, ಎಂಟು-ಒಂಬತ್ತು ಗಂಟೆ ನಿದ್ರೆ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಹಾಲು, ಮೊಸರು ಮೂಳೆಗೆ ಬಲ. ವಿಟಮಿನ್ ‘ಡಿ’ ಕೊರತೆಯ ಶಂಕೆ ಇದ್ದರೆ ವೈದ್ಯರನ್ನು ಕೇಳಿ.

ವೈದ್ಯರನ್ನು ಕಾಣುವುದು ಯಾವಾಗ?

ಸೊಂಟದ ಒಂದೇ ಪಕ್ಕದಲ್ಲಿ, ಅದರಲ್ಲೂ ಬೌಲಿಂಗ್ ಕೈಗೆ ವಿರುದ್ಧ ಪಕ್ಕದಲ್ಲಿ ನೋವು. ಬೌಲಿಂಗ್ ಮಾಡುವಾಗ ಅಥವಾ ಹಿಂದಕ್ಕೆ ಬಾಗಿದಾಗ ಹೆಚ್ಚುವ ನೋವು. ಎರಡು ದಿನ ಬಿಟ್ಟರೆ ಕಡಿಮೆಯಾಗಿ, ಚೆಂಡು ಹಿಡಿದ ಕೂಡಲೇ ಮರುಕಳಿಸುವ ನೋವು: ಇವು ಕಂಡರೆ ಅಂದೇ ಬೌಲಿಂಗ್ ನಿಲ್ಲಿಸಬೇಕು. ಕಾಲಿನಲ್ಲಿ ಜೋಮು, ಬಲಹೀನತೆ, ಜ್ವರ, ರಾತ್ರಿ ನಿದ್ದೆಗೆಡಿಸುವ ನೋವು ಅಥವಾ ಮೂತ್ರದ ತೊಂದರೆ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಆರಂಭದ ಹಂತದಲ್ಲಿ ಎಕ್ಸ್-ರೇ ತೆಗೆಸಿದರೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. “ಎಕ್ಸ್-ರೇ ನಾರ್ಮಲ್ ಇದೆ, ಆಡು” ಎಂಬ ಮಾತು ಆದ್ದರಿಂದ ಪೂರ್ಣ ಭರವಸೆಯಲ್ಲ. ಬಿರುಕು ಮೂಡುವ ಮೊದಲೇ ಮೂಳೆಯೊಳಗೆ ಆಗುವ ಊತವನ್ನು ಎಂ.ಆರ್.ಐ. ಸ್ಕ್ಯಾನ್ ತೋರಿಸಬಲ್ಲದು. ಆ ಹಂತದಲ್ಲೇ ಪತ್ತೆಯಾದರೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಕೆಲವು ತಿಂಗಳು ಬೌಲಿಂಗ್ ಬಿಟ್ಟು, ಫಿಸಿಯೊ ಹೇಳಿದ ವ್ಯಾಯಾಮ ಮಾಡಿ, ಹಂತ ಹಂತವಾಗಿ ಮರಳಬಹುದು. ನೋವು ನುಂಗುತ್ತ, ಮಾತ್ರೆ ನುಂಗುತ್ತ ಆಡಿದರೆ ಬಿರುಕು ಎರಡೂ ಪಕ್ಕಕ್ಕೆ ಹರಡಿ, ಮಣಿಯೇ ಮುಂದಕ್ಕೆ ಜಾರಬಹುದು.

ಇದು ಹುಡುಗಿಯರಿಗೂ ಅಷ್ಟೇ ಅನ್ವಯ. ಮುಟ್ಟು ನಿಂತುಹೋಗಿರುವ ಅಥವಾ ಊಟ ತೀರ ಕಡಿಮೆ ಮಾಡಿರುವ ಆಟಗಾರ್ತಿಯರ ಮೂಳೆ ಇನ್ನೂ ದುರ್ಬಲವಾಗಿರುತ್ತದೆಂಬುದನ್ನು ತಾಯಂದಿರು ನೆನಪಿಡಬೇಕು.

ಕೊನೆಯದಾಗಿ, ತಂಡದಿಂದ ಕೈಬಿಟ್ಟಾರೆಂಬ ಭಯದಿಂದ ಮಕ್ಕಳು ನೋವನ್ನು ಮುಚ್ಚಿಡುತ್ತಾರೆ. ನೋವು ಹೇಳಿಕೊಂಡವನನ್ನು ಹೇಡಿ ಎನ್ನದೆ, ಅವನ ಸ್ಥಾನವನ್ನು ಕಾದಿರಿಸುವ ಕೋಚ್ ಇದ್ದರೆ ಅರ್ಧ ಚಿಕಿತ್ಸೆ ಆದಂತೆಯೇ. ಒಂದು ಸೆಲೆಕ್ಷನ್ ತಪ್ಪಿದರೆ ಮುಂದಿನ ವರ್ಷ ಇನ್ನೊಂದು ಬರುತ್ತದೆ. ಆ ವರ್ಷಕ್ಕೆ ಅವನ ಬೆನ್ನು ನೆಟ್ಟಗಿರುವಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮ ಹೊಣೆ.