ಪ್ರಾರ್ಥನೆಯೂ ಪ್ರಯತ್ನವೂ

ದೇವರಲ್ಲಿ ಮೊರೆಯಿಟ್ಟ ಮೇಲೆ ಮನುಷ್ಯನು ತಾನೂ ಕೈಕಾಲು ಆಡಿಸಬೇಕೆ? ಆಡಿಸಿದರೆ ಅದು ನಂಬಿಕೆಯ ಕೊರತೆಯಾಗದೆ? ಭಕ್ತರ ಮನಸ್ಸನ್ನು ಬಹುಕಾಲದಿಂದ ಕಾಡುತ್ತಿರುವ ಸಂಶಯವಿದು. ತತ್ತ್ವಗ್ರಂಥಗಳಲ್ಲಿ ಇದಕ್ಕೆ ಉತ್ತರಗಳು ಹೇರಳವಾಗಿವೆ. ಅವನ್ನು ಬದಿಗಿಟ್ಟು, ಹುನಗುಂದದ ಸೀಮೆಯ ಜನ ಬಾಳಿನಲ್ಲಿ ಕೊಟ್ಟ ಉತ್ತರವನ್ನು ನೋಡೋಣ.

ಕೃಷ್ಣೆ ಮಲಪ್ರಭೆಗಳು ಕೂಡುವಲ್ಲಿ ಕೂಡಲಸಂಗಮ ಕ್ಷೇತ್ರವಿದೆ. ಅಲ್ಲಿ ಪೂಜೆಯಲ್ಲಿ ಮೈಮರೆತಿದ್ದ ಬಸವಣ್ಣನವರಿಗೆ ಸಂಗಮನಾಥನೇ ಕನಸಿನಲ್ಲಿ ಬಂದು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಅಪ್ಪಣೆ ಮಾಡಿದನೆಂದು ಹರಿಹರ ಕವಿಯು ತನ್ನ ರಗಳೆಯಲ್ಲಿ ಹೇಳುತ್ತಾನೆ. ಅಗಲಿಕೆ ಅವರಿಗೆ ಸಹಿಸಲಾರದ ನೋವಾಯಿತು, ಆದರೂ ಹೋದರು. ಮುಂದೆ ಅವರ ದಿನಗಳು ಕಳೆದದ್ದು ಭಂಡಾರದ ಲೆಕ್ಕಪತ್ರಗಳ ನಡುವೆ, ದಾಸೋಹದ ಗದ್ದಲದಲ್ಲಿ. ಸಂಗಮದೇವನ ಹೆಸರು ಮಾತ್ರ ವಚನಗಳ ಅಂಕಿತವಾಗಿ ಕೊನೆಯವರೆಗೂ ಜೊತೆಗೆ ಬಂದಿತು. ಕನಸಿನ ಕಥೆಯನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಭಕ್ತನನ್ನು ಗುಡಿಯಿಂದ ಕೆಲಸಕ್ಕೆ ಅಟ್ಟಿದವನು ದೇವರೇ ಎಂದು ನಮ್ಮ ಕವಿಗೆ ತೋರಿತಲ್ಲ, ಅದು ಮುಖ್ಯ.

ಶೂನ್ಯಸಂಪಾದನೆಯಲ್ಲಿ ನುಲಿಯ ಚಂದಯ್ಯನ ಪ್ರಸಂಗವಿದೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಿಂದ ಜಂಗಮರಿಗೆ ಉಣಬಡಿಸುತ್ತಿದ್ದವನು ಆತ. ಒಮ್ಮೆ ಹುಲ್ಲು ಕೊಯ್ಯುವಾಗ ಲಿಂಗವು ಕಳಚಿ ಬಿತ್ತು. ಅವನು ಕೆಲಸ ನಿಲ್ಲಿಸಲಿಲ್ಲ. ಲಿಂಗವೇ ಅವನ ಬೆನ್ನು ಹತ್ತಿತು. ಇಷ್ಟು ಹೇಳಿ, ದುಡಿಮೆಯೊಂದಿದ್ದರೆ ಪೂಜೆ ಬೇಡವೆಂದು ಸಾಧಿಸುವ ಉಪನ್ಯಾಸಕಾರರುಂಟು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ; ಶರಣರ ಮಾತಿಗೆ ಒಪ್ಪಿ ಚಂದಯ್ಯನು ಲಿಂಗವನ್ನು ಮತ್ತೆ ಸ್ವೀಕರಿಸುತ್ತಾನೆ. ಅರ್ಧ ಕಥೆಯಿಂದ ಸಿದ್ಧಾಂತ ಕಟ್ಟುವುದು ಸುಲಭ.

ಇವೆಲ್ಲ ಹಳೆಯ ಮಾತಾಯಿತು. ನಮ್ಮ ಕಾಲದಲ್ಲಿಯೇ ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾಕ್ಟರ್ ಮಹಾಂತ ಸ್ವಾಮಿಗಳು 1975ರಲ್ಲಿ ಒಂದು ಹೊಸ ಭಿಕ್ಷೆಯನ್ನು ಆರಂಭಿಸಿದರು. ಜೋಳಿಗೆ ಹಿಡಿದು ಊರೂರಿಗೆ, ಓಣಿ ಓಣಿಗೆ ಹೋಗಿ ಅವರು ಬೇಡಿದ್ದು ಜನರ ದುಶ್ಚಟಗಳನ್ನು. ಕುಡಿತ, ಬೀಡಿ, ತಂಬಾಕು, ಯಾವುದಿದ್ದರೆ ಅದನ್ನು ಈ ಜೋಳಿಗೆಗೆ ಹಾಕಿಬಿಡಿ ಎಂಬುದು ಅವರ ಬೇಡಿಕೆ. ಇದಕ್ಕೆ ಮಹಾಂತ ಜೋಳಿಗೆಯೆಂದು ಹೆಸರಾಯಿತು. 2018ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ.

ಈ ಭಿಕ್ಷೆಯ ರೀತಿಯನ್ನು ಸ್ವಲ್ಪ ಯೋಚಿಸಬೇಕು. ನಮ್ಮಲ್ಲಿ ಹರಕೆಯೆಂಬುದು ಬಹುಮಟ್ಟಿಗೆ ವ್ಯವಹಾರ: ಗಂಡನ ಕುಡಿತ ಬಿಟ್ಟರೆ ಬಾದಾಮಿಯ ಬನಶಂಕರಿಗೆ ಒಂದು ಸೀರೆ. ಅಲ್ಲಿ ಬೇಡುವವಳು ಹೆಂಡತಿ, ಕೊಡುವವಳು ದೇವಿ. ಕುಡಿಯುವವನಿಗೆ ಕೆಲಸವೇ ಇಲ್ಲ. ಜೋಳಿಗೆಯ ಮುಂದೆ ಪಾತ್ರಗಳು ಅದಲುಬದಲಾಗುತ್ತವೆ. ಬೇಡುವವರು ಗುರುಗಳು; ಕೊಡಬೇಕಾದವನು ಇದುವರೆಗೆ ಮನೆಯವರ ದೃಷ್ಟಿಯಲ್ಲಿ ಯಾವುದಕ್ಕೂ ಬಾರದವನಾಗಿದ್ದ ಕುಡುಕನೇ. ಅವನ ಕೈಯನ್ನು ಮತ್ತೊಬ್ಬರು ತೆರೆಯಲಾರರು. ಆದರೆ ಗುರುವಿನ ಎದುರಿಗೆ, ಓಣಿಯ ಜನರ ಎದುರಿಗೆ ತೆರೆದ ಕೈಯನ್ನು ಮರುದಿನ ಮುಚ್ಚುವುದಕ್ಕೆ ನಾಚಿಕೆಯಾಗುತ್ತದೆ. ಇಲ್ಲಿ ಯಾವುದು ಪ್ರಾರ್ಥನೆ, ಯಾವುದು ಪ್ರಯತ್ನವೆಂದು ಬೇರ್ಪಡಿಸುವುದು ನನಗಂತೂ ಸಾಧ್ಯವಾಗಿಲ್ಲ.

ಹಾಗೆಂದು ಜೋಳಿಗೆಗೆ ಹಾಕಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ತಿಳಿಯಲಾಗದು. ಬಹುದಿನ ವಿಪರೀತವಾಗಿ ಕುಡಿದವನು ಒಮ್ಮೆಲೆ ಬಿಟ್ಟರೆ ಕೈ ನಡುಗುತ್ತದೆ, ನಿದ್ರೆ ಹಾರಿಹೋಗುತ್ತದೆ. ಕೆಲವರಿಗೆ ಸೆಳವು ಬಂದು, ಭ್ರಾಂತಿ ಹಿಡಿದು ಪ್ರಾಣಕ್ಕೇ ಅಪಾಯವಾಗುವುದುಂಟು. ಸಂಕಲ್ಪ ಗಟ್ಟಿಯಾಗಿದ್ದರೆ ಸಾಕೆಂದು ಅವನನ್ನು ಮನೆಯ ಮೂಲೆಯಲ್ಲಿ ಕೂಡಿಸುವುದು ಭಕ್ತಿಯಲ್ಲ, ಅವಿವೇಕ. ವೈದ್ಯರಲ್ಲಿಗೆ ಕರೆದೊಯ್ಯಬೇಕು, ಸಂಜೆಯ ಹೊತ್ತು, ಹಳೆಯ ಗೆಳೆಯರು ಕರೆಯುವ ಹೊತ್ತಿಗೆ, ಯಾರಾದರೂ ಜೊತೆಗಿರಬೇಕು.

ಇಳಕಲ್ಲಿನಂಥ ನೇಕಾರರ ಊರಿನಲ್ಲಿ ಕೈನಡುಕವೆಂಬುದು ಸಣ್ಣ ಸಂಗತಿಯಲ್ಲ. ಅಲ್ಲಿಯ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಿದ ಮೇಲೆಯೇ ಮಗ್ಗ ಆಡಬೇಕು. ಸ್ಥಿರವಲ್ಲದ ಬೆರಳಿಗೆ ಆ ಕೆಲಸ ಒಗ್ಗದು. ಕುಡಿತ ಬಿಟ್ಟವನ ಕೈ ಸ್ಥಿರವಾಗುವ ತನಕ ಕೊಂಡಿ ಹಾಕುವುದು ಮನೆಯ ಬೇರೊಬ್ಬರ ಪಾಲಿಗೆ ಬರುತ್ತದೆ. ಅದು ಸಾಮಾನ್ಯವಾಗಿ ಬನಶಂಕರಿಗೆ ಹರಕೆ ಹೊತ್ತವಳ ಪಾಲಿಗೇ.